ಕೈ ಕಟ್ಟಿಸಿದ್ದು ಸಾಕು, ಮಕ್ಕಳು ಮಾರಲು ಕಲಿಯಲಿ

ನಮ್ಮ ದಾವಣಗೆರೆ ಜಿಲ್ಲೆಯ ಶಾಲೆಗಳಲ್ಲಿ ಮಾತಾಡುವುದು ಇವತ್ತಿಗೂ ಒಂದು ತಪ್ಪು. "ಕೈ ಕಟ್ಟು, ಬಾಯಿ ಮುಚ್ಚು" ಅಂತ ಹೇಳಿ ಹೇಳಿ ಮಗುವನ್ನು ಹತ್ತು ವರ್ಷ ಬೆಂಚಿನ ಮೇಲೆ ಕೂರಿಸುತ್ತೇವೆ. ಹತ್ತು ವರ್ಷ ಮುಗಿದ ಮೇಲೆ ಅದೇ ಹುಡುಗನನ್ನು ಇಂಟರ್‌ವ್ಯೂ ಮೇಜಿನ ಮುಂದೆ ನಿಲ್ಲಿಸಿ, "ನಿನ್ನ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅನ್ನುತ್ತೇವೆ. ಅವನು ನೆಲ ನೋಡುತ್ತಾನೆ, ಗಂಟಲು ಸರಿ ಮಾಡಿಕೊಳ್ಳುತ್ತಾನೆ, ಹೆಸರು ಹೇಳಿ ಸುಮ್ಮನಾಗುತ್ತಾನೆ. ಹೊರಗೆ ಬಂದ ಮೇಲೆ, "ಹುಡುಗ ಜಾಣ, ಆದರೆ ಮಾತು ಬರಲ್ಲ" ಎಂಬ ಸರ್ಟಿಫಿಕೇಟು. ಆ ಬಾಯಿಗೆ ಬೀಗ ಹಾಕಿದವರು ಯಾರು ಸ್ವಾಮಿ?

"ಬಾಯಿದ್ದವ ಬರದಲ್ಲೂ ಬದುಕಿದ" ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಮೆಕ್ಕೆಜೋಳದ ಚೀಲ ಹೇರಿಕೊಂಡು ಮಾರುಕಟ್ಟೆಗೆ ಬಂದ ರೈತನ ಮಗ, ತನ್ನ ಮಾಲು ಯಾಕೆ ಚೆನ್ನಾಗಿದೆ ಎಂದು ಎರಡು ಮಾತು ಹೇಳಲಾರದೆ ನಿಂತರೆ ದರವನ್ನು ಬೇರೆಯವರು ಹೇಳುತ್ತಾರೆ. ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಮಾತು ಎತ್ತಲಾರದ ಹೆಣ್ಣುಮಗಳ ಓಣಿಗೆ ನಲ್ಲಿ ಬರುವುದು ಕಡೆಗೇ. ಮಾತು ಅಂದರೆ ಶೋಕಿ ಅಲ್ಲ, ಅದು ಅನ್ನದ ಪ್ರಶ್ನೆ.

ಹಾಗಾದರೆ ನಮ್ಮ ಶಾಲೆಗಳಲ್ಲಿ ಭಾಷಣ ಇಲ್ಲವೆ? ಇದೆ. ಆಗಸ್ಟ್ 15ಕ್ಕೆ ಒಂದು, ಜನವರಿ 26ಕ್ಕೆ ಒಂದು, ಪ್ರತಿಭಾ ಕಾರಂಜಿಗೆ ಇನ್ನೊಂದು. ಮೇಷ್ಟ್ರು ಬರೆದುಕೊಡುತ್ತಾರೆ, ಮನೆಯಲ್ಲಿ ತಾಯಿ ಬಾಯಿಪಾಠ ಮಾಡಿಸುತ್ತಾಳೆ, ಮಗು ಒಂದೇ ಉಸಿರಿಗೆ ಒಪ್ಪಿಸುತ್ತದೆ. ನಡುವೆ ಒಂದು ಶಬ್ದ ಮರೆತರೆ ಕಣ್ಣಲ್ಲಿ ನೀರು. ಇದಕ್ಕೆ ಕಂಠಪಾಠ ಅನ್ನಬಹುದು, ಮಾತು ಅನ್ನಲಾಗದು. ಕೇಳುವವನು ಒಪ್ಪಿದನೋ ಬಿಟ್ಟನೋ ಎಂಬ ಗೋಜೇ ಅಲ್ಲಿಲ್ಲ. ಚಪ್ಪಾಳೆ ಮೊದಲೇ ಗೊತ್ತಾದದ್ದು.

ಇನ್ನು ಪ್ರಾಜೆಕ್ಟ್ ಎಂಬ ಹೊಸ ದೇವರು. ಅದರ ಕಥೆ ನಮ್ಮ ಸ್ಟೇಷನರಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ಹೊತ್ತಿಗೆ ಅಪ್ಪ ಸ್ಕೂಟರ್ ನಿಲ್ಲಿಸಿ ಓಡಿ ಬರುತ್ತಾನೆ, "ಥರ್ಮಾಕೋಲ್ ಐತೇನ್ರಿ, ನಾಳೆ ಬೆಳಿಗ್ಗೆ ಕೊಡ್ಬೇಕಂತೆ!" ಅಪ್ಪ ಕತ್ತರಿಸುತ್ತಾನೆ, ಅಮ್ಮ ಅಂಟಿಸುತ್ತಾಳೆ, ಮಗು ನಿದ್ದೆ ಮಾಡುತ್ತದೆ. ಬೆಳಿಗ್ಗೆ ಮಾರ್ಕ್ಸು ಮಗುವಿಗೆ.

ಇವೆರಡಕ್ಕೂ ಬದಲಾಗಿ ಒಂದು ಪಾಠವಿದೆ. ಹಲವು ದೇಶಗಳ ಶಾಲೆಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ನಾಲ್ಕೈದು ಮಕ್ಕಳನ್ನು ಒಂದು ಗುಂಪು ಮಾಡಿ, "ಜನರಿಗೆ ಉಪಯೋಗವಾಗುವ ಒಂದು ಹೊಸ ವಸ್ತು ನೀವೇ ಯೋಚಿಸಿ ಮಾಡಿ, ಆಮೇಲೆ ಎಲ್ಲರ ಮುಂದೆ ನಿಂತು ಅದನ್ನು ಮಾರಿ" ಅನ್ನುವುದು. ಕೊಳ್ಳುವವರು ಪ್ರಶ್ನೆ ಕೇಳುತ್ತಾರೆ, ಮಕ್ಕಳು ಉತ್ತರ ಕೊಡಬೇಕು. ಇಷ್ಟೇ. ಆದರೆ ಇಷ್ಟರಲ್ಲಿ ಭಾಷೆ ಇದೆ, ಲೆಕ್ಕ ಇದೆ, ಕೈಕೆಲಸ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗಿರುವವನ ಮನಸ್ಸು ಅರಿಯುವ ವಿದ್ಯೆ ಇದೆ.

ಬಸ್ ಸ್ಟ್ಯಾಂಡಿನ ಪ್ರೊಫೆಸರು

ಈ ವಿದ್ಯೆಗೆ ಗುರುಗಳನ್ನು ಪರದೇಶದಿಂದ ಕರೆಸಬೇಕಾಗಿಲ್ಲ. ದಿನಾ ಬಸ್ಸಿನಲ್ಲಿ ಓಡಾಡುವ ಓದುಗರು ಇವರನ್ನು ಬಲ್ಲರು. ಬಸ್ಸು ಸ್ಟ್ಯಾಂಡಿಗೆ ಬಂದು ನಿಂತು, ಕಂಡಕ್ಟರ್ ಚಹಾ ಕುಡಿದು ಬರುವಷ್ಟರಲ್ಲಿ ಒಬ್ಬ ಹತ್ತುತ್ತಾನೆ. ಕೈಯಲ್ಲಿ ಸೂಜಿಗೆ ದಾರ ಪೋಣಿಸುವ ಚಿಕ್ಕ ತಗಡು, ಇಲ್ಲವೇ ತರಕಾರಿ ಹೆರೆಯುವ ಚಾಕು. ಅವನಿಗೆ ಇರುವುದು ಐದೇ ನಿಮಿಷ. ಕೇಳುವವರಿಗೆ ಸೆಕೆ, ಬೇಸರ, ಮೇಲಾಗಿ ಅನುಮಾನ.

ಅವನು ಏನು ಮಾಡುತ್ತಾನೆ ನೋಡಿ. ಮೊದಲು ತನ್ನ ಮಾಲಿನ ಹೆಸರು ಎತ್ತುವುದಿಲ್ಲ, ನಿಮ್ಮ ಕಷ್ಟ ಎತ್ತುತ್ತಾನೆ: "ಮನೇಲಿ ಅಜ್ಜಿ ಇದಾರೆ, ಕಣ್ಣು ಕಾಣಲ್ಲ, ಸೂಜಿ ಹಿಡ್ಕಂಡು ಮೊಮ್ಮಗನ್ನ ಕೂಗ್ತಾರೆ, ಹೌದೋ ಅಲ್ವೋ?" ಯಾರೋ ಒಬ್ಬರು ನಗುತ್ತಾರೆ. ಅಲ್ಲಿಗೆ ಅರ್ಧ ವ್ಯಾಪಾರ ಆಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ದಾರ ಪೋಣಿಸಿ ತೋರಿಸುತ್ತಾನೆ, ಅದು ಎರಡನೇ ಹೆಜ್ಜೆ. ಮೂರನೆಯದಾಗಿ ವಸ್ತುವನ್ನು ನಿಮ್ಮ ಕೈಗೇ ಕೊಟ್ಟು ಮುಂದಿನ ಸೀಟಿಗೆ ಹೋಗುತ್ತಾನೆ. ಕೈಗೆ ಬಂದದ್ದನ್ನು ವಾಪಸು ಕೊಡುವುದು ಮನುಷ್ಯನಿಗೆ ಕಷ್ಟ, ಇದು ಅವನಿಗೆ ಗೊತ್ತು. ಕೊನೆಗೆ ದರ. ಅದನ್ನೂ ಒಂದು ಚಹಾದ ದರಕ್ಕೆ ಹೋಲಿಸಿ ಹೇಳುತ್ತಾನೆ. ಬಸ್ಸು ಹೊರಡುವ ಮುನ್ನ ಇಳಿದೇ ಬಿಡುತ್ತಾನೆ.

ಕಷ್ಟ ಎತ್ತುವುದು, ಮಾಡಿ ತೋರಿಸುವುದು, ಕೈಗೆ ಕೊಡುವುದು, ದರ ಹೇಳುವುದು. ಈ ನಾಲ್ಕು ಹೆಜ್ಜೆಗಳನ್ನು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಲಕ್ಷಗಟ್ಟಲೆ ಫೀಜು ತಗೊಂಡು ಕಲಿಸುತ್ತಾರೆ. ನಮ್ಮವನು ಫುಟ್‌ಬೋರ್ಡಿನ ಮೇಲೆ ಕಲಿತಿದ್ದಾನೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ಅರಿಸ್ಟಾಟಲ್ ಎಂಬ ಪಂಡಿತ ಇದೇ ವಿಷಯಕ್ಕೆ ಒಂದು ಗ್ರಂಥ ಬರೆದ. ಒಪ್ಪಿಸುವ ಮಾತಿಗೆ ಮೂರು ಕಾಲು ಅಂದ. ಹೇಳುವವನ ಮೇಲೆ ನಂಬಿಕೆ ಬೇಕು, ಕೇಳುವವನ ಮನಸ್ಸು ಮುಟ್ಟಬೇಕು, ಮಾತಿನಲ್ಲಿ ಲೆಕ್ಕಾಚಾರ ಸರಿಯಿರಬೇಕು. ಮಂಡಿಪೇಟೆಯ ಯಾವ ಅಂಗಡಿಯವರನ್ನು ಕೇಳಿದರೂ ಇದೇ ಹೇಳುತ್ತಾರೆ. ತೂಕದ ನಂಬಿಕೆ, ಗಿರಾಕಿಯ ಮರ್ಜಿ, ದರದ ನ್ಯಾಯ. ಒಂದು ಕಾಲು ಮುರಿದರೂ ಮುಕ್ಕಾಲಿ ಬೀಳುತ್ತದೆ.

ವಸ್ತು ಹುಟ್ಟುವುದು ಕಷ್ಟದಲ್ಲಿ

ಹೊಸ ವಸ್ತು ಅಂದ ಕೂಡಲೇ ಮಕ್ಕಳು ಆಕಾಶಕ್ಕೆ ಹಾರುತ್ತಾರೆ. ಹಾರುವ ಕಾರು, ಹೋಂವರ್ಕ್ ಮಾಡುವ ರೋಬೋಟು! ಅಲ್ಲೇ ಮೇಷ್ಟ್ರು ಕೈಹಿಡಿದು ನೆಲಕ್ಕೆ ಇಳಿಸಬೇಕು. ಯಾಕೆಂದರೆ ನಮ್ಮ ನಾಡಿನ ಹೆಸರುವಾಸಿ ವಸ್ತುಗಳು ಹುಟ್ಟಿದ್ದು ಕಷ್ಟದಿಂದ, ಕನಸಿನಿಂದಲ್ಲ.

ಮೊದಲನೇ ಮಹಾಯುದ್ಧ ಬಂತು, ಯೂರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಹೋಗದೆ ರಾಶಿ ಬಿತ್ತು. ಆ ಗಂಧದಿಂದ ಇಲ್ಲೇ ಎಣ್ಣೆ ತೆಗೆಯೋಣ ಅಂತ 1916ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಹಾಕಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರದ್ದೇ ಸಾಬೂನು ಹುಟ್ಟಿತು. ಅದರ ಹೆಸರು ನೋಡಿ: ಮೈಸೂರ್ ಸ್ಯಾಂಡಲ್ ಸೋಪ್. ಮೂರೇ ಶಬ್ದ. ಎಲ್ಲಿಯದು, ಏತರದು, ಏನದು, ಮೂರಕ್ಕೂ ಉತ್ತರ ಅದರಲ್ಲೇ ಇದೆ. ಹೆಸರಿಡುವ ಪಾಠಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕೆ? ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ.

ಇನ್ನೊಂದು ಕಥೆ ನಮ್ಮ ಜಿಲ್ಲೆಗೆ ಹತ್ತಿರದ್ದು. ಹರಿಹರದ ಹಿರಿಯರಿಗೆ ಕಿರ್ಲೋಸ್ಕರ್ ಎಂಬ ಹೆಸರು ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎಷ್ಟೋ ಮನೆಗಳ ಒಲೆ ಉರಿಸಿತ್ತು. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದರು. ಮರದ ನೇಗಿಲಿಗಿಂತ ಗಟ್ಟಿ. ಆದರೂ ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂಬುದು ಆಗಿನ ರೈತರ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಅಂತ ಚರಿತ್ರೆ ಹೇಳುತ್ತದೆ.

ಇದರಲ್ಲಿ ಪಾಠ ಏನು? ಒಳ್ಳೆಯ ವಸ್ತು ತನ್ನಷ್ಟಕ್ಕೆ ತಾನೇ ಮಾರಾಟವಾಗುವುದಿಲ್ಲ. ಕೊಳ್ಳದೆ ಇರುವವನು ದಡ್ಡನೂ ಅಲ್ಲ. ಅವನಲ್ಲಿ ಒಂದು ಭಯ ಇರುತ್ತದೆ. ಆ ಭಯ ಯಾವುದು ಅಂತ ಮೊದಲು ಕೇಳಿ ತಿಳಿಯಬೇಕು, ಆಮೇಲೆ ಬಾಯಿ ಬಿಡಬೇಕು. ಮಾರುವವನಿಗೆ ನಾಲಿಗೆಗಿಂತ ಮೊದಲು ಕಿವಿ ಬೇಕು.

ಮಕ್ಕಳ ಸಂತೆಯಲ್ಲೇ ಒಂದು ಮೂಲೆ

ಇದನ್ನೆಲ್ಲ ಶುರು ಮಾಡಲು ಹೊಸ ಯೋಜನೆ, ಹೊಸ ಸುತ್ತೋಲೆ, ಹೊಸ ಉದ್ಘಾಟನೆ ಯಾವುದೂ ಬೇಡ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತಿದೆ. ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ತಂದು ಅಂಗಳದಲ್ಲಿ ಹರಡಿ ಕೂಗಿ ಮಾರುತ್ತಾರೆ. ತಂದೆತಾಯಿ ಬಂದು ಕೊಳ್ಳುತ್ತಾರೆ. ತೂಕ, ಚಿಲ್ಲರೆ, ಲಾಭ ನಷ್ಟ ಎಲ್ಲ ಕೈಯಲ್ಲೇ ಕಲಿಯುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಅದೇ ಸಂತೆಯಲ್ಲಿ ಒಂದು ಮೂಲೆಯನ್ನು "ನಾವೇ ಮಾಡಿದ್ದು" ಅಂತ ಬಿಟ್ಟುಕೊಟ್ಟರೆ ಸಾಕು.

ಮೂರು ವಾರದ ಕೆಲಸ. ಮೊದಲ ವಾರ ಮಕ್ಕಳು ಬಸ್ ಸ್ಟ್ಯಾಂಡು, ಅಂಗಡಿ, ಹೊಲ, ಅಡುಗೆಮನೆ ಸುತ್ತಿ ಹತ್ತು ಜನರನ್ನು ಕೇಳಲಿ: "ನಿಮಗೆ ದಿನಾ ಕಿರಿಕಿರಿ ಮಾಡೋದು ಏನು?" ಎರಡನೇ ವಾರ, ಅದರಲ್ಲಿ ಒಂದು ಕಿರಿಕಿರಿಗೆ ಮದ್ದು ಹುಡುಕಿ, ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಒಂದು ನಮೂನೆ ಮಾಡಲಿ. ಥರ್ಮಾಕೋಲ್ ನಿಷೇಧ! ಹೆಸರಿಡಲಿ, ಅಸಲು ಲೆಕ್ಕ ಹಾಕಿ ದರ ಕಟ್ಟಲಿ. ಮೂರನೇ ವಾರ ಎಲ್ಲರ ಮುಂದೆ ಎರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಚೀಟಿ ನೋಡಿ ಓದುವಂತಿಲ್ಲ. ಗುಂಪಿನಲ್ಲಿ ಎಲ್ಲರೂ ಒಂದೊಂದು ಮಾತಾದರೂ ಆಡಲೇಬೇಕು, ಇಲ್ಲದಿದ್ದರೆ ಜೋರಿರುವ ಒಬ್ಬನೇ ಮೆರೆದು ಉಳಿದವರು ಮತ್ತೆ ಕೈ ಕಟ್ಟುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ಬಸ್ಸು ಹತ್ತಿದವರ ಒದ್ದೆ ಕೊಡೆ. ಕಾಲ ಬಳಿ ಇಟ್ಟರೆ ನೆಲ ಹಸಿ, ತೊಡೆ ಮೇಲಿಟ್ಟರೆ ಸೀರೆ ಹಸಿ, ಪಕ್ಕದವರಿಗೆ ತಾಗಿದರೆ ಜಗಳ. ಮಕ್ಕಳು ಕೊಡೆ ರಿಪೇರಿಯವನ ಹತ್ತಿರ ಬಿದ್ದಿರುವ ಹಳೇ ಕೊಡೆ ಬಟ್ಟೆ ತಂದು, ಉದ್ದನೆಯ ಒಂದು ಚೀಲ ಹೊಲಿಸುತ್ತಾರೆ ಅನ್ನಿ. ಬಟ್ಟೆಗೆ 3 ರೂಪಾಯಿ, ಹೊಲಿಗೆಗೆ 6, ಲಾಡಿಗೆ 1, ಅಸಲು 10. ಅಂಗಡಿಯವರಿಗೆ 3, ಮಾಡಿದವರಿಗೆ 2, ಮಾರುವ ದರ 15.

ಇದನ್ನು ಒಬ್ಬ ಹುಡುಗ ಹೀಗೆ ಮಾರಬಹುದು: "ಮಾನ್ಯರೇ, ನಮ್ಮ ಚೀಲವು ಜಗತ್ತಿನಲ್ಲೇ ಅತ್ಯುತ್ತಮ, ಅತ್ಯಂತ ಅಗ್ಗ, ನೂರು ವರ್ಷ ಬಾಳಿಕೆ." ಯಾರೂ ಕೊಳ್ಳುವುದಿಲ್ಲ. ಇನ್ನೊಬ್ಬಳು ಹೀಗೆ ಮಾರಬಹುದು: "ಅಕ್ಕಾರೆ, ಮಳೇಲಿ ಬಸ್ ಹತ್ತಿದ್ರೆ ಕೊಡೆ ಎಲ್ಲಿಡ್ತೀರಿ? ತೊಡೆ ಮೇಲಾ? ಸೀರೆ ನೆನೆಯಲ್ವಾ? ಇಗೋ ನೋಡ್ರಿ, ಕೊಡೆ ಮಡಚಿ ಇದ್ರಾಗೆ ಇಳಿಸಿದೆ, ಲಾಡಿ ಎಳೆದೆ. ತಲೆಕೆಳಗು ಮಾಡ್ತೀನಿ, ಒಂದು ಹನಿ ಬಿತ್ತಾ?" ಆಗ ಒಬ್ಬ ಅಂಗಡಿಯವರು ಕೇಳುತ್ತಾರೆ: "ನೀರು ಒಳಗೇ ನಿಂತ್ರೆ ನಾರಲ್ವೇನವ್ವ?" ಅವಳು ಹೇಳುತ್ತಾಳೆ: "ನಾರುತ್ತೆ ಸಾವ್ಕಾರ್ರೆ. ಮನೆಗೆ ಹೋದ ಕೂಡ್ಲೆ ತಿರುವಿ ಒಣಗಿಸ್ಬೇಕು. ಒಣಗಿಸೋಕೆ ಬೇಜಾರು ಅನ್ನೋರು ತಗಳ್ಳೋದು ಬ್ಯಾಡ."

ನಮ್ಮನ್ನು ಕೇಳಿದರೆ ಆ ಕೊನೆಯ ಮಾತಿಗೆ ಅರ್ಧ ಮಾರ್ಕ್ಸು ಕೊಡಬೇಕು. ತನ್ನ ಮಾಲಿನ ಕುಂದನ್ನು ತಾನೇ ಹೇಳಿದವಳ ಉಳಿದ ಮಾತನ್ನೆಲ್ಲ ಜನ ನಂಬುತ್ತಾರೆ.

ಮಾತು ಸರಿ, ಸುಳ್ಳು ಬೇಡ

ಈ ಪಾಠದ ಎದೆಗುಂಡಿಗೆ ಇರುವುದು ಇಲ್ಲೇ. ಒಪ್ಪಿಸುವ ವಿದ್ಯೆ ಎರಡು ಅಲಗಿನ ಕತ್ತಿ. ನಾಲಿಗೆ ಚುರುಕಾಗಿ ಮನಸ್ಸು ಕೊಳೆತರೆ ನಾವು ತಯಾರು ಮಾಡುವುದು ಮೋಸಗಾರರನ್ನು. ಅದಕ್ಕೆ ನಿಯಮ ಒಂದೇ. ತೋರಿಸಲಾಗದ್ದನ್ನು ಹೇಳಬಾರದು. "ಅತ್ಯುತ್ತಮ" ಅಂದ ಕೂಡಲೇ ಮೇಷ್ಟ್ರು ಗಂಟೆ ಬಾರಿಸಿ, "ಯಾವುದಕ್ಕಿಂತ? ಹೇಗೆ ಗೊತ್ತು?" ಅಂತ ಕೇಳಲಿ.

ಇದು ಬರೀ ನೀತಿಪಾಠವಲ್ಲ, ಕಾನೂನು ಕೂಡ. ಮಾಟ ಮಂತ್ರದ ಔಷಧಿಗಳ ಜಾಹೀರಾತಿಗೆ 1954ರಲ್ಲೇ ಕಾಯಿದೆ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಕೊಟ್ಟವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ವಸ್ತುವನ್ನು ಹೊಗಳಿ ನಟಿಸಿದ ಸಿನಿಮಾ ತಾರೆಯರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಇದನ್ನು ಎಂಟನೇ ಕ್ಲಾಸಿನ ಮಗುವಿಗೆ ಹೇಳಿಕೊಟ್ಟರೆ ಟೀವಿ ನೋಡುವ ಕಣ್ಣೇ ಬದಲಾಗುತ್ತದೆ.

ಇನ್ನೊಂದು ಲಾಭ ಇದೆ, ಬಹುಶಃ ಇದೇ ದೊಡ್ಡದು. ಮಾರಲು ಕಲಿತವನು ಸುಲಭಕ್ಕೆ ಮೋಸಹೋಗುವುದಿಲ್ಲ. "ನೀವು ಇಬ್ಬರನ್ನು ಸೇರಿಸಿ, ಅವರು ನಾಲ್ವರನ್ನು ಸೇರಿಸಲಿ, ಮನೇಲಿ ಕೂತು ಲಕ್ಷ ಎಣಿಸಿ" ಎನ್ನುವ ಚೈನ್ ಸ್ಕೀಮುಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. ಆದರೂ ಹೊಸ ಹೊಸ ವೇಷದಲ್ಲಿ ಬರುತ್ತಲೇ ಇವೆ. ಈಗ ಮೊಬೈಲಿಗೇ ಬರುತ್ತವೆ. "ಇವತ್ತೇ ಕೊನೇ ದಿನ", "ನಿಮಗೆ ಮಾತ್ರ", "ಯೋಚನೆ ಮಾಡಬೇಡಿ" ಎಂಬ ಮಾತುಗಳಿಗೆ ನಮ್ಮ ಅಕ್ಕತಂಗಿಯರು ಒಡವೆ ಅಡವಿಟ್ಟು ರೊಕ್ಕ ಸುರಿಯುತ್ತಾರೆ. ಮಾತಿನ ಗಾಳ ಹೇಗೆ ಕಟ್ಟುತ್ತಾರೆ ಅಂತ ಶಾಲೆಯಲ್ಲೇ ಕಂಡ ಮಗು, "ಅಮ್ಮಾ, ತಡಿ. ಇವ್ರು ಅವಸರ ಮಾಡ್ತಿರೋದು ಯಾಕೆ ಕೇಳು" ಅಂದರೆ ಸಾಕು, ಒಂದು ಮನೆ ಉಳಿಯಿತು.

ಆಕ್ಷೇಪಣೆಗಳಿಗೆ ಉತ್ತರ

"ಮಕ್ಕಳನ್ನು ಸೇಲ್ಸ್‌ಮನ್ ಮಾಡಬೇಕೇನ್ರಿ?" ಅಂತ ಕೆಲವರು ಮೂಗು ಮುರಿಯಬಹುದು. ಮೊದಲನೆಯದಾಗಿ, ಸೇಲ್ಸ್‌ಮನ್ ಕೆಲಸ ಅವಮಾನದ್ದಲ್ಲ. ಈ ಊರು ಬೆಳೆದದ್ದೇ ವ್ಯಾಪಾರದಿಂದ. ಹತ್ತಿ ಗಿರಣಿಗಳ ಸೈರನ್ ನಿಂತ ಮೇಲೂ ಊರು ಉಸಿರಾಡಿದ್ದು ಅಂಗಡಿ, ಮಂಡಿ, ಮಾರುಕಟ್ಟೆಗಳಿಂದ. ಎರಡನೆಯದಾಗಿ, ವಸ್ತು ಒಂದು ನೆಪ. ಇವತ್ತು ಕೊಡೆ ಚೀಲದ ಪರವಾಗಿ ಮಾತಾಡಿದ ಹುಡುಗಿ ನಾಳೆ ತನ್ನ ಊರಿಗೆ ಬಸ್ಸು ಬಿಡಿ ಅಂತ ಡಿಪೋ ಮ್ಯಾನೇಜರ ಮುಂದೆ ನಿಂತು ವಾದಿಸುತ್ತಾಳೆ. ಕಷ್ಟ ಹೇಳು, ತೋರಿಸು, ಲೆಕ್ಕ ಕೊಡು, ಪ್ರಶ್ನೆಗೆ ಹೆದರಬೇಡ. ಅರ್ಜಿಗೂ ಅದೇ ದಾರಿ.

"ಮೇಷ್ಟ್ರಿಗೆ ಪುರುಸೊತ್ತೆಲ್ಲಿ?" ಇದು ನಿಜವಾದ ಪ್ರಶ್ನೆ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲ ಅವರ ತಲೆ ಮೇಲೇ. ಆದ್ದರಿಂದ ಇದನ್ನು ಹೆಚ್ಚುವರಿ ಹೊರೆ ಮಾಡಬೇಡಿ. ಕನ್ನಡದ ಒಂದು ಪ್ರಬಂಧ, ಗಣಿತದ ಲಾಭನಷ್ಟದ ಅಧ್ಯಾಯ, ಇವೆರಡರ ಪೀರಿಯಡ್ಡಿನಲ್ಲೇ ಇದು ಮುಗಿಯುತ್ತದೆ. ಬಾಯಿಪಾಠದ ಭಾಷಣ ಒಂದನ್ನು ಕೈಬಿಟ್ಟರೆ ಇನ್ನೂ ಒಳ್ಳೆಯದು.

"ಇಂಗ್ಲಿಷಿನಲ್ಲಿ ಮಾಡಿಸೋಣ" ಎನ್ನುವವರಿಗೂ ಒಂದು ಮಾತು. ಇಂಗ್ಲಿಷ್ ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಧೈರ್ಯ ಬರುವುದು ಮನೆ ಮಾತಿನಲ್ಲಿ. ಕನ್ನಡದಲ್ಲಿ ಗಿರಾಕಿಯನ್ನು ನಗಿಸಲಾರದವನು ಇಂಗ್ಲಿಷಿನಲ್ಲಿ ಕೊಳ್ಳಿಸಿಯಾನೆ? ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗು ನಡುವೆ ಎರಡು ಮಾತು ತನ್ನ ಭಾಷೆಯಲ್ಲಿ ಆಡಿದರೆ ಮಾರ್ಕ್ಸು ಕಡಿಯಬಾರದು. ನಮ್ಮ ಸಂತೆಯ ಭಾಷೆಯೇ ಅದು.

ಇದು ಸರ್ಕಾರಿ ಶಾಲೆಯಲ್ಲಿ ಆಗದ ಮಾತು ಎನ್ನುವವರು ದೆಹಲಿ ಕಡೆ ನೋಡಲಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಉದ್ಯಮಶೀಲತೆಯ ಪಾಠ ಶುರು ಮಾಡಿದರು. 2021ರಲ್ಲಿ ದೊಡ್ಡ ಮಕ್ಕಳಿಗೆ ತಲಾ 2,000 ರೂಪಾಯಿ ಬಂಡವಾಳ ಕೊಟ್ಟು, ಗುಂಪು ಕಟ್ಟಿಕೊಂಡು ವ್ಯಾಪಾರ ಮಾಡಿ ಅಂದರು. ಕೂಲಿಕಾರರ ಮಕ್ಕಳು ಟೀವಿಯಲ್ಲಿ ನಿಂತು ಬಂಡವಾಳಗಾರರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ನಮ್ಮಲ್ಲಿ ಅಷ್ಟು ಹಣವೂ ಬೇಡ, ಟೀವಿಯೂ ಬೇಡ. ಶಾಲೆ ಅಂಗಳ, ಒಂದು ಮೇಜು, ಕೇಳುವ ಹತ್ತು ಜನ ಇದ್ದರೆ ಸಾಕು.

ಆ ಹತ್ತು ಜನ ಯಾರು? ಇಲ್ಲಿ ನಮ್ಮ ಓದುಗರ ಪಾಲು ಇದೆ. ತೀರ್ಪುಗಾರರ ಕುರ್ಚಿಯಲ್ಲಿ ಶಾಲು ಹೊದೆಸಿಕೊಂಡ ಗಣ್ಯರು ಬೇಡ. ಒಬ್ಬ ಕಿರಾಣಿ ಅಂಗಡಿಯವರು, ಒಬ್ಬ ಕಂಡಕ್ಟರು, ಒಬ್ಬ ಟೈಲರು, ಹೂ ಮಾರುವ ಒಬ್ಬ ತಾಯಿ ಕೂರಲಿ. "ಇದನ್ನ ನಾನು ರೊಕ್ಕ ಕೊಟ್ಟು ತಗೊಂತೀನಾ?" ಎಂಬ ಒಂದೇ ಪ್ರಶ್ನೆ ಅವರು ತಮ್ಮನ್ನೇ ಕೇಳಿಕೊಳ್ಳಲಿ. ವರ್ತಕರ ಸಂಘದವರು ವರ್ಷಕ್ಕೆ ಅರ್ಧ ದಿನ ಕೊಟ್ಟರೆ ಸಾಲದೆ? ಗಲ್ಲಾದ ಮೇಲೆ ಒಂದು ಗೇಣು ಜಾಗ ಬಿಟ್ಟು, ಮಕ್ಕಳು ಮಾಡಿದ ಒಂದು ವಸ್ತುವನ್ನು ಒಂದು ವಾರ ಇಟ್ಟು ನೋಡಿ. ಹೋದರೆ ಹೋಯಿತು, ಇಲ್ಲದಿದ್ದರೆ ಯಾಕೆ ಹೋಗಲಿಲ್ಲ ಅಂತ ಮಕ್ಕಳಿಗೆ ನೇರವಾಗಿ ಹೇಳಿ. ಆ ಒಂದು ಮಾತು ಹತ್ತು ಪಾಠಕ್ಕೆ ಸಮ.

ಬೆಣ್ಣೆ ದೋಸೆಗೆ ನಮ್ಮ ಊರಿನ ಹೆಸರಿದೆ. ಆ ಹೆಸರಿನ ಬೋರ್ಡು ಹಾಕಿಕೊಂಡ ಹೋಟೆಲುಗಳು ಬೆಂಗಳೂರಿನ ಬೀದಿ ಬೀದಿಯಲ್ಲಿವೆ. ರುಚಿ ನಮ್ಮದು, ಬೋರ್ಡು ಯಾರದ್ದೋ! ಮುಂದಿನ ವಸ್ತುವಿಗಾದರೂ ಮಾಡುವ ಕೈ, ಹೇಳುವ ಬಾಯಿ ಎರಡೂ ನಮ್ಮ ಮಕ್ಕಳದ್ದೇ ಆಗಲಿ. ಶಿಕ್ಷಣ ಇಲಾಖೆಯವರು, ಶಾಲಾಭಿವೃದ್ಧಿ ಸಮಿತಿಯವರು ಈ ಸಲದ ಮಕ್ಕಳ ಸಂತೆಯಲ್ಲಿ ಆ ಒಂದು ಮೂಲೆ ಬಿಡಿಸಿಕೊಡಲಿ. ಕಟ್ಟಿದ ಕೈ ಬಿಚ್ಚಿಸಲು ಖರ್ಚೇನೂ ಇಲ್ಲ.